ಮುಖಪುಟವನ್ನು ತಲೆಕೆಳಗೆ ಹಿಡಿದು ನೋಡುತ್ತಿದ್ದವರು

ನಮ್ಮ ಸಂಗೀತ ಮಾಸಪತ್ರಿಕೆಯ ಮುಖಪುಟದ ಕರಡು ಕೈಗೆ ಬಂದ ಕೂಡಲೇ ಅವರು ಅದನ್ನು ತಲೆಕೆಳಗೆ ಹಿಡಿಯುತ್ತಿದ್ದರು. ವಿದ್ವಾಂಸರ ತಲೆ ಕೆಳಗೆ, ಪತ್ರಿಕೆಯ ಹೆಸರು ಅದಕ್ಕೂ ಕೆಳಗೆ. ಹಾಗೆಯೇ ಎರಡು ನಿಮಿಷ, ಕುತ್ತಿಗೆ ಒಂದು ಕಡೆಗೆ ವಾಲಿಸಿ, ತುಟಿ ಚೂಪು ಮಾಡಿಕೊಂಡು ನೋಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ವಾರವೇ ಇದನ್ನು ಕಂಡು, ಪಾಪ, ವಯಸ್ಸಾದವರು, ಕನ್ನಡಕ ಬದಲಾಯಿಸಬೇಕೇನೋ ಎಂದುಕೊಂಡೆ. "ಸಾರ್, ಉಲ್ಟಾ ಹಿಡ್ಕೊಂಡಿದ್ದೀರ" ಎಂದು ಹೇಳಿಯೂಬಿಟ್ಟೆ.

"ಗೊತ್ತಮ್ಮ" ಎಂದರು ತಲೆಯೆತ್ತದೆ. "ನೆಟ್ಟಗೆ ಹಿಡ್ಕೊಂಡ್ರೆ ಓದ್ಬಿಡ್ತೀನಿ. ಓದೋಕೆ ಶುರು ಮಾಡಿದ್ರೆ ನೋಡೋದು ನಿಂತೋಗುತ್ತೆ."

ಕಳೆದ ತಿಂಗಳು ಅವರು ತೀರಿಕೊಂಡರು. ಎರಡು ದಿನ ಎದೆನೋವು ಅಂದರಂತೆ. ಮೂರನೆಯ ದಿನ ಏನೂ ಅನ್ನಲಿಲ್ಲವಂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷ ಪ್ರತಿ ತಿಂಗಳು ಮುಖಪುಟ ಮಾಡಿದರೂ ಒಂದು ಸಂಚಿಕೆಯಲ್ಲೂ ತಮ್ಮ ಹೆಸರು ಅಚ್ಚಾಗಲು ಅವರು ಬಿಡಲಿಲ್ಲ. ಸಂಪಾದಕರು ಒತ್ತಾಯ ಮಾಡಿದಾಗಲೆಲ್ಲ, "ಹೆಸರು ಹಾಕಿದ್ರೆ ಬಯ್ಯೋರಿಗೆ ಮನೆ ತೋರಿಸಿಕೊಟ್ಟ ಹಾಗೆ" ಎನ್ನುತ್ತಿದ್ದರು. ಈಗ ಬಯ್ಯಲು ಯಾರೂ ಬರುವುದಿಲ್ಲ. ಆದರೂ ಅವರ ಮಾತು ಅವರದು.

ನಾನು ಬರೆಯುವವಳಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಮೂರು ತಿಂಗಳು ಕಂಪ್ಯೂಟರ್ ಟೈಪಿಂಗ್ ಕಲಿತು, ಈ ಪ್ರೆಸ್ಸಿಗೆ ಬಂದವಳು. ಬೇರೆಯವರು ಬರೆದದ್ದನ್ನು ಟೈಪ್ ಮಾಡುವುದು, ಪುಟ ಕಟ್ಟುವುದು ನನ್ನ ಕೆಲಸ. ಹೋದ ವಾರ ಸಂಪಾದಕರು ಅವರ ಬಗ್ಗೆ ಒಂದು ಪುಟದ ಶ್ರದ್ಧಾಂಜಲಿ ಬರೆದು ಕೊಟ್ಟರು. ಅದರ ನಡುವೆ ಒಂದು ಸಾಲಿತ್ತು: "ಹೆಸರಾಂತ ವಿದುಷಿಯೊಬ್ಬರ ವೀಣೆಯನ್ನು ಎಡಗೈಗೆ ದಾಟಿಸಿದ ಕೀರ್ತಿಯೂ ಇವರದೇ." ಸಂಪಾದಕರು ಪ್ರೀತಿಯಿಂದಲೇ ಬರೆದಿದ್ದರು, ಓದುಗರು ಒಂದು ಗಳಿಗೆ ನಗಲಿ ಎಂದು. ನಾನು ಅದರ ಹಿಂದಿನ ಸಾಲಿನವರೆಗೆ ಟೈಪ್ ಮಾಡಿದೆ. ಮುಂದಕ್ಕೆ ಕೈ ಓಡಲಿಲ್ಲ. ಆ ಸಾಲು ಸುಳ್ಳು. ಸುಳ್ಳೆಂದು ತಿಳಿದಿದ್ದವರು ಇಬ್ಬರೇ. ಈಗ ಒಬ್ಬಳೇ.

ಅದನ್ನು ಹೇಳುವ ಮೊದಲು ಅವರು ಎಂಥವರೆಂದು ಹೇಳಬೇಕು. ಇಲ್ಲದಿದ್ದರೆ ಅವರು ಬಹಳ ದೊಡ್ಡ ಮನುಷ್ಯರೆಂದು ನೀವು ತಪ್ಪು ತಿಳಿದುಕೊಳ್ಳಬಹುದು. ಅದು ಅವರಿಗೆ ಹಿಡಿಸುತ್ತಿರಲಿಲ್ಲ.

ಮೊದಲನೆಯದಾಗಿ, ಅವರಿಗೆ ಸಂಗೀತ ಬರುತ್ತಿರಲಿಲ್ಲ. ಸ್ವಲ್ಪವೂ. ಒಂದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟುಗಳನ್ನು ಮೇಲಿನಿಂದ, ಪಕ್ಕದಿಂದ, ಅಡ್ಡ ಸೀಳಿ ಬರೆದು ನಿವೃತ್ತರಾದವರು. ಸಂಪಾದಕರೂ ಅವರೂ ವಿದ್ಯಾರಣ್ಯಪುರದಲ್ಲಿ ಒಂದೇ ಬೀದಿಯವರು. "ಸುಮ್ನೆ ಕೂತಿದ್ದೀರಲ್ಲ, ಬಂದು ಗೆರೆ ಎಳೆದುಕೊಡಿ" ಎಂದು ಸಂಪಾದಕರೇ ಕರೆದುಕೊಂಡು ಬಂದರಂತೆ. ಗೆರೆ ಎಳೆಯಲು ಬಂದವರು ಮುಖಪುಟವನ್ನೇ ಹಿಡಿದುಕೊಂಡರು.

ಸಂಗೀತ ಕಚೇರಿಗಳಿಗೆ ಹೋದರೆ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಎರಡನೆಯ ಕೃತಿಯ ಹೊತ್ತಿಗೆ ನಿದ್ದೆ. ಮಂಗಳದ ವೇಳೆಗೆ ಸರಿಯಾಗಿ ಎಚ್ಚರ. ಆಮೇಲೆ ವೇದಿಕೆ ಹತ್ತಿ ಕಲಾವಿದರ ಕೈ ಕುಲುಕಿ, "ಬಹಳ ಚೆನ್ನಾಗಿ ಕಾಣ್ತಾ ಇತ್ತು" ಎನ್ನುತ್ತಿದ್ದರು. ಎಷ್ಟೋ ಜನ ಅದನ್ನು ಹೊಸ ಬಗೆಯ ಮೆಚ್ಚುಗೆ ಎಂದು ತಿಳಿದು ಕೈಮುಗಿಯುತ್ತಿದ್ದರು. ಗಾಯಕರನ್ನು ಅವರು ಗುರುತಿಟ್ಟುಕೊಳ್ಳುತ್ತಿದ್ದುದೂ ಹಾಗೆಯೇ. "ಆ ಕಿವಿ ಮುಚ್ಕೊಂಡು ಹಾಡ್ತಾರಲ್ಲ, ಅವರು." "ಗಲ್ಲ ಎಡಕ್ಕೆ ಹೋಗುತ್ತಲ್ಲ, ಆಯಮ್ಮ." ಹಾಡಿದ್ದು ಯಾವ ರಾಗ ಎಂದು ಸಂಪಾದಕರು ಬೇಕೆಂದೇ ಕೇಳಿದರೆ, "ಅದು ನಿಮ್ಮ ಡಿಪಾರ್ಟ್‌ಮೆಂಟು" ಎಂದು ಜಾರಿಕೊಳ್ಳುತ್ತಿದ್ದರು. ಗೊತ್ತಿಲ್ಲ ಎಂಬ ಮಾತು ಮಾತ್ರ ಅವರ ಬಾಯಿಂದ ಬರುತ್ತಿರಲಿಲ್ಲ. ಸಂಗೀತ ಪತ್ರಿಕೆಯಲ್ಲಿ ಇದ್ದುಕೊಂಡು ಅದೊಂದನ್ನು ಒಪ್ಪಿಕೊಳ್ಳಲು ಅವರಿಗೆ ನಾಚಿಕೆ. ಇಡೀ ಪ್ರೆಸ್ಸಿಗೆ ತಿಳಿದಿದ್ದ ಗುಟ್ಟನ್ನು ಅವರೊಬ್ಬರೇ ಕಾಪಾಡಿಕೊಂಡು ಬಂದಿದ್ದರು.

ಆದರೆ ನೋಡುವುದೆಂದರೆ ನೋಡುವುದು. ಕರಡನ್ನು ತಲೆಕೆಳಗೆ ನೋಡಿ ಮುಗಿಸಿದ ಮೇಲೆ ನೆಟ್ಟಗೆ ಮಾಡಿ, ಗೋಡೆಗೆ ಒರಗಿಸಿ, ಹಿಂದಕ್ಕೆ ಹಿಂದಕ್ಕೆ ನಡೆದು, ಕಾಗದದ ಬಂಡಲಿಗೆ ಕಾಲು ತಾಗುವವರೆಗೆ ಹೋಗಿ ನಿಲ್ಲುತ್ತಿದ್ದರು. ಒಂದೆರಡು ಸಲ ಬಂಡಲಿನ ಮೇಲೆ ಕೂತೂಬಿಟ್ಟಿದ್ದಾರೆ. ಅಲ್ಲಿಂದ ಮೂರು ಪ್ರಶ್ನೆ. ಪ್ರತಿ ತಿಂಗಳೂ ಅವೇ ಮೂರು.

"ಕಣ್ಣು ಎಲ್ಲಿಂದ ಒಳಗೆ ಬಂತು? ಎಲ್ಲಿ ಕೂತ್ಕೊಂತು? ಎಲ್ಲಿಂದ ಎದ್ದು ಹೋಯ್ತು?"

ಮನೆಗೆ ಬಂದ ನೆಂಟರ ಬಗ್ಗೆ ಕೇಳುವ ಹಾಗೆ ಕೇಳುತ್ತಿದ್ದರು. ನಾನು ಮೊದಮೊದಲು ಪರೀಕ್ಷೆಯಂತೆ ತಡವರಿಸುತ್ತಿದ್ದೆ. ಒಂದು ಸಂಚಿಕೆಗೆ ಸಂಪಾದಕರು ಗಾಯಕಿಯ ಚಿತ್ರದ ಸುತ್ತ ಐದು ಲೇಖನಗಳ ಹೆಸರು, ಮೇಲೆ ಹಬ್ಬದ ಶುಭಾಶಯ, ಕೆಳಗೆ ದಾನಿಗಳಿಬ್ಬರ ಫೋಟೋ ಹಾಕಿಸಿದ್ದರು. ಇವರು ನೋಡಿ ನನ್ನ ಕಡೆ ತಿರುಗಿದರು.

"ಕಣ್ಣು ಎಲ್ಲಿ ಕೂತ್ಕೊಂತಮ್ಮ?"

"ಕೂತ್ಕೊಳ್ಳೋಕೆ ಜಾಗ ಇಲ್ಲ ಸಾರ್. ನಿಂತೇ ಇದೆ."

ಅವತ್ತು ನಕ್ಕಷ್ಟು ಅವರು ಯಾವತ್ತೂ ನಕ್ಕಿದ್ದನ್ನು ನಾನು ನೋಡಿಲ್ಲ. ಸಂಪಾದಕರನ್ನು ಕರೆದು, "ಕೇಳಿದ್ರಾ? ಮದುವೆ ಮಂಟಪದಲ್ಲಿ ಹೆಣ್ಣು ಗಂಡೇ ಕಾಣಿಸ್ತಿಲ್ಲ, ಫೋಟೋ ತೆಗೆಸ್ಕೊಳ್ಳೋರೇ ಅಡ್ಡ ನಿಂತಿದ್ದಾರೆ" ಎಂದರು.

"ದಾನಿಗಳು ಬೇಜಾರ್ ಮಾಡ್ಕೋತಾರೆ ಕಣ್ರೀ."

"ಅವರನ್ನ ಒಳಗಡೆ ಕರ್ಕೊಂಡು ಹೋಗಿ ಊಟಕ್ಕೆ ಕೂರ್ಸಿ. ಬಾಗಿಲಲ್ಲಿ ಯಾಕೆ ನಿಲ್ಲಿಸ್ತೀರಿ?"

ದಾನಿಗಳು ಎರಡನೆಯ ಪುಟಕ್ಕೆ ಹೋದರು. ಶುಭಾಶಯ ಬೆನ್ನಪುಟಕ್ಕೆ ಹೋಯಿತು. ಪ್ರತಿ ತಿಂಗಳೂ ಇದೇ ಜಗಳ. ಆಮೇಲೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ.

ಮೃದಂಗದ ವಿಶೇಷ ಸಂಚಿಕೆಗೆ ವಿದ್ವಾಂಸರ ಮುಖವನ್ನೇ ಕತ್ತರಿಸಿ, ಎರಡು ಕೈ ಮತ್ತು ಮೃದಂಗದ ಕರಣೆಯ ಕಪ್ಪು ವೃತ್ತವನ್ನು ಮಾತ್ರ ಉಳಿಸಿಕೊಂಡರು. "ನೋಡಮ್ಮ, ಈ ಕಪ್ಪು ಬೊಟ್ಟು. ಇಡೀ ಪುಟದಲ್ಲಿ ಇದಕ್ಕಿಂತ ಗಾಢವಾದದ್ದು ಏನೂ ಇಲ್ಲ. ಕಣ್ಣು ಬಾವಿಗೆ ಬಿದ್ದ ಹಾಗೆ ಬಂದು ಬೀಳುತ್ತೆ. ಆಮೇಲೆ ಬೆರಳು ಹಿಡ್ಕೊಂಡು ಮೇಲೆ ಹತ್ತುತ್ತೆ" ಎಂದು ಪೆನ್ಸಿಲ್ಲಿನಿಂದ ದಾರಿ ತೋರಿಸಿದರು. ಸಂಪಾದಕರು ಬಂದು, "ಅಯ್ಯಯ್ಯೋ, ತಲೇನೇ ತೆಗೆದುಬಿಟ್ರಲ್ರೀ!" ಎಂದು ಕೂಗಾಡಿದರು. "ನುಡಿಸೋದು ತಲೇನಾ?" ಎಂದರು ಇವರು. ಸಂಚಿಕೆ ಹೊರಬಂದ ಮೇಲೆ ಆ ವಿದ್ವಾಂಸರ ಮನೆಯವರು ಫೋನ್ ಮಾಡಿದ್ದರು. ಉಂಗುರ ನೋಡಿ ಗಂಡನ ಗುರುತು ಹಿಡಿದರಂತೆ. ಬೇಜಾರೇನೂ ಇರಲಿಲ್ಲ. ಇನ್ನೂ ಹತ್ತು ಪ್ರತಿ ಕೇಳಿದರು.

ಪುಟ ಕಟ್ಟುವ ಪಾಠ ನನಗಾದದ್ದು ಕಂಪ್ಯೂಟರಿನ ಮುಂದೆ ಅಲ್ಲ, ಸಂಪಾದಕರ ಮನೆಯ ಒಂದು ನಾಮಕರಣದ ಪಂಕ್ತಿಯಲ್ಲಿ. ನನ್ನ ಪಕ್ಕ ಕೂತಿದ್ದರು. ಎಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಿದ್ದಾದ ಮೇಲೆ, "ಕೈ ಹಾಕ್ಬೇಡ, ನೋಡು" ಎಂದರು. "ಉಪ್ಪು ಎಲ್ಲಿದೆ? ಮೂಲೆಯಲ್ಲಿ. ಯಾಕೆ? ಚೂರೇ ಇರೋದು, ಆದ್ರೆ ಎಲ್ಲದಕ್ಕೂ ಬೇಕು. ಕೋಸಂಬರಿ ಮೇಲೆ ಸಾಲಾಗಿ. ನಡುವೆ ಏನಿದೆ?"

"ಏನೂ ಇಲ್ಲ ಸಾರ್."

"ಏನೂ ಇಲ್ಲ ಅಲ್ಲ. ಅನ್ನ ಬರುತ್ತೆ ಅಂತ ಬಿಟ್ಟಿರೋದು. ಖಾಲಿ ಅಂದ್ರೆ ಮರೆತುಬಿಟ್ಟಿದ್ದಲ್ಲ, ಕಾಯ್ತಾ ಇರೋದು. ನಮ್ಮ ಸಂಪಾದಕರಿಗೆ ಇದು ಗೊತ್ತಾಗಲ್ಲ. ಅವರು ಬಡಿಸೋಕೆ ನಿಂತ್ರೆ ಅನ್ನದ ಜಾಗಕ್ಕೂ ಹಪ್ಪಳ ಹಾಕ್ತಾರೆ."

ಅಷ್ಟರಲ್ಲಿ ಸಂಪಾದಕರೇ ಹಪ್ಪಳದ ಬುಟ್ಟಿ ಹಿಡಿದುಕೊಂಡು ಬಂದರು. ನಾವಿಬ್ಬರೂ ತಲೆ ತಗ್ಗಿಸಿ ಊಟ ಮಾಡಿದೆವು.

ಅವರ ಕೊನೆಯ ಪರೀಕ್ಷೆ ನಡೆಯುತ್ತಿದ್ದುದು ತಾಯಮ್ಮನ ಅಂಗಡಿಯಲ್ಲಿ. ನಮ್ಮ ಪ್ರೆಸ್ ಇರುವುದು ಬ್ಯಾಟರಾಯನಪುರದ ಸರ್ವಿಸ್ ರಸ್ತೆಗೆ ಸೇರುವ ಗಲ್ಲಿಯಲ್ಲಿ. ಗಲ್ಲಿಯ ಬಾಯಲ್ಲಿ ಬಸ್ ಸ್ಟಾಪು, ಅದಕ್ಕೆ ಅಂಟಿಕೊಂಡ ಹಾಗೆ ತಾಯಮ್ಮನ ಪೆಟ್ಟಿಗೆ ಅಂಗಡಿ. ತಾಯಮ್ಮ ಇದೇ ಊರಿನ ಹಳಬರು. ಅವರ ಗಂಡನ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಮೂರು ಮಹಡಿಯ ಕಟ್ಟಡವಿದೆ, ತುಂಬ ಬಾಡಿಗೆಯವರಿದ್ದಾರೆ. ಆದರೂ ಅಂಗಡಿ ಬಿಟ್ಟಿಲ್ಲ. ಮಕ್ಕಳು ಬೇಡವೆಂದರೆ, "ಮನೇಲಿ ಕೂತ್ರೆ ಟೀವಿ ಜೊತೆ ಮಾತಾಡ್ಬೇಕು, ಇಲ್ಲಾದ್ರೆ ಜನ ಅವ್ರೆ" ಎನ್ನುತ್ತಾರೆ. ಅಂಗಡಿಯ ಮುಂದೆ ಅಡ್ಡಕ್ಕೆ ಒಂದು ದಾರ ಕಟ್ಟಿದ್ದಾರೆ. ಬಟ್ಟೆಯ ಕ್ಲಿಪ್ಪು ಹಾಕಿ ಪತ್ರಿಕೆಗಳನ್ನು ತೂಗುಹಾಕುತ್ತಾರೆ.

ಮುಖಪುಟ ಅಚ್ಚಿಗೆ ಹೋಗುವ ಮುಂಚೆ ಬಣ್ಣದ ಕರಡನ್ನು ಹಳೆಯ ಸಂಚಿಕೆಯೊಂದಕ್ಕೆ ಸುತ್ತಿ, ತಾಯಮ್ಮನ ದಾರಕ್ಕೆ ಸಿಕ್ಕಿಸಬೇಕು. ಆಮೇಲೆ ಇವರು ಹಿಂದಿನ ಸ್ಟಾಪು ಕೊಡಿಗೇಹಳ್ಳಿ ಗೇಟಿನವರೆಗೆ ನಡೆದು ಹೋಗಿ, ಅಲ್ಲಿಂದ ಬಸ್ಸು ಹತ್ತಿ, ಎಡಗಡೆಯ ಕಿಟಕಿಯಲ್ಲಿ ಕೂತು, ನಮ್ಮ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ಬಸ್ಸು ನಿಧಾನವಾಗುವ ಆ ನಾಲ್ಕೈದು ಸೆಕೆಂಡಿನಲ್ಲಿ ದಾರದ ಮೇಲೆ ಮೊದಲು ಕಂಡದ್ದೇನು? ನಮ್ಮದು ಕಂಡಿತೇ? ಕಾಣದಿದ್ದರೆ ಮತ್ತೆ ಪ್ರೆಸ್ಸಿಗೆ ಬಂದು ಬಣ್ಣ ಬದಲಾವಣೆ, ಮತ್ತೆ ನಡಿಗೆ, ಮತ್ತೆ ಬಸ್ಸು. ಆ ದಾರಿಯ ಕಂಡಕ್ಟರುಗಳಿಗೆಲ್ಲ ಇವರು ಪರಿಚಯ. "ಏನ್ ಸಾರ್, ಈ ತಿಂಗಳು ಹಾಡೋರಾ, ಬಾರಿಸೋರಾ?" ಎಂದು ಕೇಳುತ್ತಿದ್ದರು. ಹೆಂಗಸರಿಗೆ ಬಸ್ ಟಿಕೆಟ್ ಉಚಿತವಾದ ಮೇಲೆ ಈ ಕೆಲಸ ನನ್ನ ಪಾಲಿಗೆ ಬಂತು. "ಸರ್ಕಾರಕ್ಕೂ ನಮ್ಮ ಮುಖಪುಟದ ಮೇಲೆ ಕಾಳಜಿ ಬಂದಿದೆ, ಹೋಗಿ ಬಾ" ಎಂದರು.

ಕೆಲವು ವರ್ಷಗಳಿಂದ ತಾಯಮ್ಮನ ದಾರದಲ್ಲಿ ಪತ್ರಿಕೆಗಳು ಕಡಿಮೆಯಾಗಿ ಚಿಪ್ಸ್ ಪಾಕೆಟ್ಟುಗಳು ಜಾಸ್ತಿಯಾದವು. ಅವರಿಗೆ ಸಿಟ್ಟು ಬರಲಿಲ್ಲ. ಒಂದು ಪಾಕೆಟ್ಟು ಕಿತ್ತುಕೊಂಡು ಪ್ರೆಸ್ಸಿಗೆ ತಂದು, ಅದನ್ನೂ ತಲೆಕೆಳಗೆ ಹಿಡಿದು ನೋಡಿದರು. "ಎಂಥ ಗಂಟಲು ನೋಡಮ್ಮ! ಹೆಬ್ಬಾಳದವರೆಗೂ ಕೇಳಿಸುತ್ತೆ" ಎಂದರು. ಚಿಪ್ಸನ್ನು ನಮಗೆ ಹಂಚಿ, ಖಾಲಿ ಪಾಕೆಟ್ಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ತಾಯಮ್ಮನಿಗೆ ಓದಲು ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಅವರೇ ಸರಿಯಾದ ಪರೀಕ್ಷಕಿ ಎಂದು ಇವರ ನಂಬಿಕೆ. ತಾಯಮ್ಮನೂ ಮುಲಾಜಿಲ್ಲದೆ ಹೇಳುತ್ತಿದ್ದರು. "ಈವಯ್ಯ ಯಾಕೆ ಇಂಗೆ ಬಾಯಿ ತಕ್ಕಂಡವ್ನೆ? ಅಲ್ಲು ನೋವಾ?" ಮುಗಿಯಿತು, ಆ ಗಾಯಕರ ಚಿತ್ರ ಬದಲು. ಸಂಪಾದಕರು ಗೊಣಗುತ್ತಿದ್ದರು: "ಅವರು ಎಂಥ ದೊಡ್ಡ ವಿದ್ವಾಂಸರು ಗೊತ್ತಾ? ಅಷ್ಟು ಎತ್ತರದ ತಾರಷಡ್ಜದಲ್ಲಿ ನಿಂತಿದ್ದಾರೆ ಅಲ್ಲಿ!" "ಇರಬಹುದು. ತಾಯಮ್ಮಂಗೆ ಹಲ್ಲು ನೋವೇ ಕಾಣ್ತಿದೆ" ಎನ್ನುತ್ತಿದ್ದರು ಇವರು.

ಈಗ ಆ ಸಾಲಿನ ವಿಷಯ.

ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅವರಿಗೆ ಚಿಕುನ್‌ಗುನ್ಯ ಬಂದು ಮಂಚ ಹಿಡಿದರು. ಮುಖಪುಟ ನನ್ನ ತಲೆಗೆ ಬಂತು. ವೀಣೆಯ ವಿದುಷಿಯೊಬ್ಬರ ಚಿತ್ರ. ಬಹಳ ಒಳ್ಳೆಯ ಚಿತ್ರ, ಆದರೆ ಅವರ ಮುಖ ಎಡಕ್ಕೆ ತಿರುಗಿತ್ತು. ಮುಖಪುಟದ ಮೇಲಿನ ಮುಖ ಬಲಕ್ಕೆ, ಪುಟ ತೆರೆಯುವ ಕಡೆಗೆ ನೋಡಬೇಕು, ಆಗ ಓದುವವರ ಕೈಯೂ ಅತ್ತಲೇ ಹೋಗುತ್ತದೆ ಎಂದು ಅವರು ಹೇಳಿಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗುತ್ತದೆ. ಒತ್ತಿದೆ. ವಿದುಷಿ ಬಲಕ್ಕೆ ತಿರುಗಿದರು. ನನಗೆ ಹೆಮ್ಮೆಯೋ ಹೆಮ್ಮೆ. ಇವರು ಬಂದು ನೋಡಿದರೆ ಏನೆನ್ನುತ್ತಾರೋ ಎಂದು ಮನಸ್ಸಿನಲ್ಲೇ ಹಿಗ್ಗಿದೆ.

ಸಂಪಾದಕರು ಅಕ್ಷರ ತಪ್ಪು ನೋಡಿದರು, ಚಿತ್ರ ನೋಡಲಿಲ್ಲ. ತಾಯಮ್ಮ ಮೊಮ್ಮಗಳ ಮದುವೆಗೆಂದು ಅಂಗಡಿ ಮುಚ್ಚಿದ್ದರು. ಹಾಗಾಗಿ ಬಸ್ಸಿನ ಪರೀಕ್ಷೆಯೂ ಆಗಲಿಲ್ಲ. ಪತ್ರಿಕೆ ಅಚ್ಚಾಗಿ ಅಂಚೆಗೂ ಹೋಯಿತು. ಮದುವೆ ಮುಗಿಸಿ ಬಂದ ತಾಯಮ್ಮ ಪತ್ರಿಕೆಯನ್ನು ದಾರಕ್ಕೆ ಸಿಕ್ಕಿಸುತ್ತಾ ಕೇಳಿದರು: "ಇದ್ಯಾಕಮ್ಮ ಈಯಮ್ಮ ಸೆರಗು ಬಲಕ್ಕೆ ಆಕವ್ರೆ? ಸೇಟು ಮನೇವ್ರಾ?"

ಪತ್ರಿಕೆಯನ್ನು ದಾರದಿಂದ ಕಿತ್ತುಕೊಂಡು ನೋಡಿದೆ. ಸೆರಗು ಬಲ ಹೆಗಲಿಗೆ. ಮೂಗುಬಟ್ಟು ಮೂಗಿನ ಆ ಕಡೆಗೆ. ವೀಣೆಯ ಬುರುಡೆ ಅತ್ತ, ಮೀಟುವ ಕೈ ಇತ್ತ. ನಲವತ್ತು ವರ್ಷ ಬಲಗೈಯಲ್ಲಿ ಮೀಟಿದವರು ಎಡಗೈಯಲ್ಲಿ ಮೀಟುತ್ತಿದ್ದರು.

ಮೂರನೆಯ ದಿನ ವಿದುಷಿ ಆಟೋದಲ್ಲಿ ಬಂದು ಇಳಿದರು. ಅವತ್ತೇ ಇವರೂ ಜ್ವರ ಬಿಟ್ಟು ಮೊದಲ ಸಲ ಬಂದಿದ್ದರು. ಗಂಟುಗಳು ಊದಿ, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಸಂಪಾದಕರ ಮೇಜಿನ ಮೇಲೆ ವಿದುಷಿ ಪತ್ರಿಕೆಯನ್ನಿಟ್ಟರು. ಕೂಗಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ನಮ್ಮ ಗುರುಗಳು ಇದನ್ನ ನೋಡಿದ್ರೆ ಏನ್ ಹೇಳ್ತಿದ್ರೋ. ಯಾರ್ರೀ ಮಾಡಿದ್ದು ಈ ಕೆಲಸ?"

ನಾನು ಎದ್ದು ನಿಂತಿದ್ದೆ. ಅಷ್ಟರಲ್ಲಿ ಇವರು ಪತ್ರಿಕೆ ಎತ್ತಿಕೊಂಡರು. ತಲೆಕೆಳಗೆ ಹಿಡಿಯಲಿಲ್ಲ. ನೆಟ್ಟಗೇ ಹಿಡಿದು ಒಂದು ಸಲ ನೋಡಿದರು, ಒಂದು ಸಲ ನನ್ನ ಕಡೆ ನೋಡಿದರು.

"ನಾನೇ ತಾಯಿ, ಮಲಗಿದ್ದಲ್ಲಿಂದ ಫೋನ್ ಮಾಡಿ ತಿರುಗಿಸೋಕೆ ಹೇಳಿದ್ದು" ಎಂದರು. "ತಪ್ಪಾಯ್ತು. ನನಗೆ ಸಂಗೀತ ಗೊತ್ತಿಲ್ಲ."

ಸಂಪಾದಕರು ಕುರ್ಚಿಯಿಂದ ಎದ್ದೇಬಿಟ್ಟರು. "ಆಹಾ! ಈಗಾದ್ರೂ ಒಪ್ಕೊಂಡ್ರಲ್ಲ ಸ್ವಾಮಿ!"

ವಿದುಷಿಯೂ ನಕ್ಕುಬಿಟ್ಟರು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದೆಂದಾಯಿತು. ಕಾಫಿ ಬಂತು. ಎಲ್ಲ ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಅಂದಿನಿಂದ ಇವರಿಗೆ 'ಎಡಗೈ ವೀಣೆ' ಎಂಬ ಹೆಸರು ಬಿತ್ತು. ಯಾವ ಕಚೇರಿಗೆ ಹೋದರೂ ಸಂಪಾದಕರು ಅದನ್ನೇ ಹೇಳಿ ಪರಿಚಯಿಸುತ್ತಿದ್ದರು. ಅಲ್ಲಿಯವರೆಗೆ ಇವರ ಅಭಿಪ್ರಾಯ ಕೇಳುತ್ತಿದ್ದ ಹೊಸ ಕಲಾವಿದರು, ಇವರಿಗೆ ಸಂಗೀತ ಗೊತ್ತಿಲ್ಲವಂತೆ ಎಂದು ತಮ್ಮತಮ್ಮಲ್ಲೇ ನಗುವುದನ್ನು ನಾನೇ ಕೇಳಿದ್ದೇನೆ. ಇವರು ಮುಂದಿನ ಸಾಲಿನಿಂದ ಎದ್ದು ಮೂರನೆಯ ಸಾಲಿಗೆ ಬಂದು ಕೂರತೊಡಗಿದರು. "ಅಲ್ಲಿಂದ ವೇದಿಕೆ ಚೆನ್ನಾಗಿ ಕಾಣುತ್ತೆ" ಎಂದರು. ನಿದ್ದೆ ಅಲ್ಲಿಯೂ ಬರುತ್ತಿತ್ತು ಎಂಬುದು ಬೇರೆ ಮಾತು.

ಆ ವಾರವೇ ಮಧ್ಯಾಹ್ನ ಊಟದ ಡಬ್ಬಿ ತೆಗೆದಾಗ ನಾನು ಅತ್ತೆ. ಸಂಪಾದಕರಿಗೆ ಹೇಳಿಬಿಡುತ್ತೇನೆ ಎಂದೆ.

"ಏನಂತ ಹೇಳ್ತೀಯ? ಮುಖ ಬಲಕ್ಕಿರಬೇಕು ಅಂತ ಹೇಳಿಕೊಟ್ಟಿದ್ದು ಯಾರು? ನಾನು. ಸೆರಗು ನೋಡ್ಕೊ ಅಂತ ಹೇಳಿಕೊಡದೆ ಬಿಟ್ಟಿದ್ದು ಯಾರು? ಅದೂ ನಾನೇ. ಅರ್ಧ ತಪ್ಪು ನಂದು, ಇನ್ನರ್ಧ ಜ್ವರದ್ದು. ನಿನಗೆಲ್ಲಿ ಉಳೀತು? ಮೊಸರನ್ನ ತಿನ್ನು."

ತಿಂದೆ. ಆಮೇಲೆ ಹೇಳಲಿಲ್ಲ. ಮೊದಲ ವರ್ಷ ಕೆಲಸ ಹೋಗುತ್ತದೆಂಬ ಭಯ. ಆಮೇಲೆ, ಇಷ್ಟು ದಿನ ಹೇಳದೆ ಈಗ ಹೇಗೆ ಹೇಳುವುದೆಂಬ ನಾಚಿಕೆ. ಆಮೇಲೆ ಅದು ಅಭ್ಯಾಸವೇ ಆಯಿತು. ಅವರಂತೂ ಮತ್ತೆ ಆ ಮಾತೆತ್ತಲಿಲ್ಲ. ನಾನು ಹೊಸ ಮುಖಪುಟ ತೋರಿಸಿದಾಗ ಮಾತ್ರ, ಅದರಲ್ಲಿ ಇರುವುದು ಗಡ್ಡದ ನಾಗಸ್ವರ ವಿದ್ವಾಂಸರಾದರೂ ಸರಿ, "ಸೆರಗು ನೋಡ್ಕೊಂಡ್ಯಾ?" ಎಂದು ಕೇಳುತ್ತಿದ್ದರು. ಇತ್ತೀಚೆಗೆ ಕರಡನ್ನು ಹಿಡಿಯುವ ಅವರ ಕೈ ನಡುಗುತ್ತಿತ್ತು. ತಲೆಕೆಳಗೆ ಹಿಡಿದದ್ದನ್ನು ನೆಟ್ಟಗೆ ಮಾಡಲು ನನ್ನ ಕೈಗೆ ಕೊಡುತ್ತಿದ್ದರು. ಆಗಲೂ ಆ ಪ್ರಶ್ನೆ ತಪ್ಪಿಸಲಿಲ್ಲ.

ಹೋದ ವಾರ ಆ ಸಾಲಿನ ಮುಂದೆ ಕೈ ನಿಂತಾಗ ನನ್ನ ಕಿವಿಯಲ್ಲಿ ಅದೇ ಪ್ರಶ್ನೆ ಕೇಳಿಸುತ್ತಿತ್ತು. ನಗುವವರ ಬಾಯಲ್ಲಿ ಇದ್ದಷ್ಟು ದಿನ ಆ 'ಎಡಗೈ ವೀಣೆ' ತಮಾಷೆ. ಅಚ್ಚಾದರೆ ಅದೇ ಅವರು. ಇನ್ನು ತಿದ್ದುಪಡಿ ಹಾಕಿಸಲು ಅವರು ಬರುವುದಿಲ್ಲ. ಹಾಳೆ ಹಿಡಿದುಕೊಂಡು ಸಂಪಾದಕರ ಮೇಜಿನ ಮುಂದೆ ಹೋಗಿ ನಿಂತೆ.

"ಸಾರ್, ಈ ಸಾಲು ತಪ್ಪು."

"ಕಾಗುಣಿತಾನಾ?"

"ಕಾಗುಣಿತ ಸರಿ ಇದೆ ಸಾರ್. ಆ ಚಿತ್ರ ತಿರುಗಿಸಿದ್ದು ಅವರಲ್ಲ. ನಾನು. ಅವರು ಫೋನ್ ಮಾಡೇ ಇರಲಿಲ್ಲ, ಜ್ವರದಲ್ಲಿ ಮಲಗಿದ್ರು ಅವಾಗ."

ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಜಕ್ಕೂರಿನ ಕಡೆಯಿಂದ ಸಣ್ಣ ವಿಮಾನವೊಂದು ಗುರುಗುಟ್ಟುತ್ತಾ ಬಂದು, ಸೂರಿನ ಮೇಲೆ ಹಾದು, ದೂರವಾಯಿತು. ಬಯ್ಗುಳಕ್ಕೆ ನಾನು ಸಿದ್ಧಳಾಗಿದ್ದೆ.

"ಇಷ್ಟು ವರ್ಷ ಆ ಮನುಷ್ಯನ್ನ ಆಡ್ಕೊಂಡಿದ್ದೀನಲ್ಲಮ್ಮ ನಾನು" ಎಂದರು ಕೊನೆಗೆ. "ಬಸ್ಸಲ್ಲಿ, ಸಭೇಲಿ, ಅವರ ಮನೆಯವರ ಮುಂದೆ..."

"ಅವರೂ ನಗ್ತಿದ್ರು ಸಾರ್."

"ನಗ್ತಿದ್ರು. ಒಂದು ಸಲಾನೂ ಬಾಯಿ ಬಿಡ್ಲಿಲ್ಲ ನೋಡು, ಹಟಮಾರಿ." ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಈ ಸಾಲು ಹೊಡೆದುಹಾಕಿದ್ರೆ ಆಗಲ್ಲ. ಎಲ್ಲರಿಗೂ ನಾನೇ ಹೇಳಿಕೊಂಡು ಬಂದಿದ್ದೀನಿ. ನೀನು ಬರಿ. ನನ್ನ ಪುಟ ತೆಗಿ, ಆ ಜಾಗ ನಿನಗೆ."

"ನನಗೆ ಬರೆಯೋಕೆ ಬರಲ್ಲ ಸಾರ್. ಟೈಪ್ ಮಾಡೋಕೆ ಬರುತ್ತೆ ಅಷ್ಟೆ."

"ಸರಿ, ಟೈಪ್ ಮಾಡು."

ಮಾಡಿದ್ದೇನೆ. ವಿದುಷಿಯವರು ಇದನ್ನು ಓದಿದರೆ, ಅವರ ಸೆರಗನ್ನು ಬಲಕ್ಕೆ ಹಾಕಿದವಳು ನಾನು. ಕ್ಷಮೆ ಕೇಳುವುದು ಇಷ್ಟು ತಡವಾದುದಕ್ಕೂ ಕ್ಷಮೆ ಇರಲಿ.

ಇನ್ನು ಈ ಸಂಚಿಕೆಯ ಮುಖಪುಟ. ಅವರ ಚಿತ್ರವನ್ನೇ ಹಾಕಬೇಕೆಂದು ಸಂಪಾದಕರು ತೀರ್ಮಾನಿಸಿದರು. ಹುಡುಕಿದರೆ ಚಿತ್ರವೇ ಇಲ್ಲ. ಮದುವೆಯ ಫೋಟೋದಲ್ಲಿ ಬಾಸಿಂಗ, ಕಾರ್ಖಾನೆಯ ಗುರುತಿನ ಚೀಟಿಯಲ್ಲಿ ಕಳ್ಳನ ಹಾಗೆ ಕಾಣುತ್ತಾರೆ. ಕೊನೆಗೆ ಸಿಕ್ಕಿದ್ದು ನಮ್ಮ ಪ್ರೆಸ್ಸಿನ ಆಯುಧಪೂಜೆಯ ಗುಂಪಿನ ಚಿತ್ರ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಅವರೊಬ್ಬರು ಎಡಕ್ಕೆ ತಿರುಗಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಾರೆ. ಕುತ್ತಿಗೆ ವಾಲಿದೆ, ತುಟಿ ಚೂಪಾಗಿದೆ. ಕ್ಯಾಲೆಂಡರಿನಲ್ಲಿ ಏನೋ ತಪ್ಪು ಸಿಕ್ಕಿದೆ.

ಗುಂಪಿನಿಂದ ಅವರನ್ನು ಮಾತ್ರ ಬೇರೆ ಮಾಡಿದೆ. ಮುಖ ಎಡಕ್ಕೆ. ಅವರದೇ ನಿಯಮದ ಪ್ರಕಾರ ಬಲಕ್ಕಿರಬೇಕು. ಸುಳ್ಳು ಯಾಕೆ ಹೇಳಲಿ, ಒಂದು ಸಲ ಆ ಗುಂಡಿ ಒತ್ತಿ ನೋಡಿದೆ. ಪೆನ್ನಿನ ಜೇಬು ಬಲಕ್ಕೆ ಬಂತು, ಗಡಿಯಾರ ಬಲಗೈಗೆ ಹೋಯಿತು. ಕನ್ನಡಿಯಲ್ಲಿ ಅವರೊಬ್ಬರೇ ನೋಡಿಕೊಂಡಿರಬಹುದಾದ ಮುಖ ಅದು, ನಮಗೆ ಗೊತ್ತಿದ್ದವರದಲ್ಲ. ಮೊದಲಿನಂತೆಯೇ ಮಾಡಿದೆ. ಪುಟದ ಬಲ ಅಂಚಿಗೆ ಅವರನ್ನು ನಿಲ್ಲಿಸಿ, ಅವರು ನೋಡುವ ಕಡೆ ಮುಕ್ಕಾಲು ಪುಟ ಬಿಳಿ ಬಿಟ್ಟೆ.

ಸಂಪಾದಕರು ನೋಡಿದರು. "ಅಲ್ಲಿ ದೊಡ್ಡದಾಗಿ 'ಶ್ರದ್ಧಾಂಜಲಿ' ಅಂತ ಹಾಕ್ಬಹುದಲ್ಲಮ್ಮ. ಒಂದು ದೀಪ..."

"ಅವರು ಆ ಕಡೆ ನೋಡ್ತಿದ್ದಾರೆ ಸಾರ್. ಅಡ್ಡ ನಿಲ್ಲೋದು ಬೇಡ."

ಇಷ್ಟು ವರ್ಷದಲ್ಲಿ ನಾನು ಸಂಪಾದಕರಿಗೆ ಬೇಡ ಎಂದದ್ದು ಅದೇ ಮೊದಲು. "ದೀಪವೂ ಬೇಡ್ವಾ?" ಎಂದರು ಬಾಗಿಲ ಹತ್ತಿರ ಹೋಗಿ. "ಬೇಡ ಸಾರ್."

ನಿನ್ನೆ ಕರಡನ್ನು ಹಳೆಯ ಸಂಚಿಕೆಗೆ ಸುತ್ತಿ ತಾಯಮ್ಮನಿಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿ, ದಾರದ ಬಲತುದಿಗೆ ಸಿಕ್ಕಿಸಿದರು. ನಾನು ಕೊಡಿಗೇಹಳ್ಳಿ ಗೇಟಿನವರೆಗೆ ನಡೆದೆ. ಬಸ್ಸು ಬಂತು. ಎಡಗಡೆಯ ಕಿಟಕಿ ಸಿಕ್ಕಿತು. ಕಂಡಕ್ಟರ್ ಟಿಕೆಟ್ ಹರಿದುಕೊಡುತ್ತಾ, "ಎಲ್ಲಿ ಮೇಡಂ, ನಿಮ್ ಸಾರ್ ಕಾಣ್ತಾನೇ ಇಲ್ಲ ಇತ್ತೀಚೆಗೆ?" ಎಂದರು.

"ಮುಂದಿನ ಸ್ಟಾಪಲ್ಲಿ ಇದ್ದಾರೆ" ಎಂದೆ.

ಬಸ್ಸು ನಿಧಾನವಾಯಿತು. ದಾರ ಕಂಡಿತು. ಚಿಪ್ಸ್ ಪಾಕೆಟ್ಟುಗಳ ಸಾಲು, ಆಮೇಲೆ ಮೈತುಂಬ ಅಕ್ಷರ ಹೇರಿಕೊಂಡ ಒಂದು ಸಿನಿಮಾ ವಾರಪತ್ರಿಕೆ, ಅದರ ಪಕ್ಕ ನಮ್ಮದು. ಬಿಳಿಯ ಆಚೆ ಅಂಚಿನಲ್ಲಿ ಅವರು. ಕುತ್ತಿಗೆ ವಾಲಿಸಿ, ತುಟಿ ಚೂಪು ಮಾಡಿ, ಪಕ್ಕದ ವಾರಪತ್ರಿಕೆಯನ್ನೇ ನೋಡುತ್ತಿದ್ದರು.

ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಿತ್ತು. ಮರೆತೇ ಹೋಯಿತು. ಇಳಿದು ಅಂಗಡಿಯ ಮುಂದೆ ನಿಂತೆ.

"ಕಾಣುಸ್ತಾ?" ಎಂದರು ತಾಯಮ್ಮ.

"ಕಾಣಿಸ್ತು ತಾಯಮ್ಮ." ಕರಡು ತೆಗೆದುಕೊಳ್ಳಲು ಕೈ ಎತ್ತಿದೆ. ಪರೀಕ್ಷೆ ಮುಗಿದ ಮೇಲೆ ವಾಪಸ್ಸು ತರುವುದು ಪದ್ಧತಿ.

ತಾಯಮ್ಮ ನನ್ನ ಕೈ ಸರಿಸಿದರು. "ಇರ್ಲಿ ಬುಡು, ಇದ್ನ ಕೊಡಾಕಿಲ್ಲ. ಪಕ್ಕದ್ದ ಮಾತ್ರ ವಾರಕ್ಕೊಂದ್ಸಲ ಬದ್ಲಾಯಿಸ್ತೀನಿ. ಒಂದ್ನೇ ನೋಡ್ತಾ ಇದ್ರೆ ಅವ್ರಿಗೆ ಬೇಜಾರಾಯ್ತದೆ."